ಬೀರೂರು–ತಾಳಗುಪ್ಪ ರೈಲು ಮಾರ್ಗ

ಬೀರೂರು–ತಾಳಗುಪ್ಪ ಮಾರ್ಗವು ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ಸಾಗುವ, ಸುಮಾರು 160 ಕಿ.ಮೀ. ಉದ್ದದ ಕವಲು ದಾರಿ. ಬೆಂಗಳೂರು–ಹರಿಹರ ಹಳಿ 1889ರಲ್ಲಿ ಸಿದ್ಧವಾದ ಮೇಲೆ ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ಹಾಕಲಾಯಿತು; 1899ರಲ್ಲಿ ರೈಲು ಓಡಿತು. ಅಲ್ಲಿಂದ ಮುಂದಿನ ಕಾಡುದಾರಿ ಮಾತ್ರ 1930ರ ದಶಕದಲ್ಲಿ ತುಂಡುತುಂಡಾಗಿ ಬೆಳೆದು, 1940ರಲ್ಲಿ ತಾಳಗುಪ್ಪ ಮುಟ್ಟಿತು. ಜೋಗದಲ್ಲಿ ಶರಾವತಿ ವಿದ್ಯುತ್ ಕಾಮಗಾರಿ ನಡೆದಿದ್ದ ಕಾಲವದು. ಜಲಪಾತಕ್ಕೆ ಹತ್ತಿರದ ರೈಲು ನಿಲ್ದಾಣ ಇಂದಿಗೂ ತಾಳಗುಪ್ಪವೇ.

ಈ ಮಾರ್ಗದ ನಿಲ್ದಾಣಗಳಿಗೆ ಬೆಲೆ ಬಂದದ್ದು ಬಹುಮಟ್ಟಿಗೆ ಅಲ್ಲಿಂದ ಒಡೆಯುವ ದಾರಿಗಳಿಂದ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಕಿರುಹಳಿಯ ರೈಲು ಇತ್ತು, ಈಗಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು, ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಅರಸಾಳಿನಲ್ಲಿ ಇಳಿದವರು ರಿಪ್ಪನ್‌ಪೇಟೆ, ಹೊಸನಗರದ ಕಡೆಗೆ, ಆನಂದಪುರದಲ್ಲಿ ಇಳಿದವರು ಶಿಕಾರಿಪುರದ ಕಡೆಗೆ ಹೋಗುವರು. ಸಾಗರದ ನಿಲ್ದಾಣಕ್ಕೆ ಸಾಗರ ಜಂಬಗಾರು ಎಂಬ ಹೆಸರು. ಕೆಳದಿ, ಇಕ್ಕೇರಿಗಳಿಗೆ ಹೋಗುವವರು ಇಲ್ಲೇ ಇಳಿಯಬೇಕು.

ಹೊರಗಿನವರಿಗೆ ಹೆಚ್ಚು ಪರಿಚಿತವಾದುದು ಅರಸಾಳು. ಆರ್.ಕೆ. ನಾರಾಯಣ್ ಕತೆಗಳನ್ನು ಆಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ಸ್ಟೇಷನ್ ಆಗಿ ಕಾಣುವುದು ಇದೇ. ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ 'ಮಾಲ್ಗುಡಿ ವಸ್ತುಸಂಗ್ರಹಾಲಯ'ವಾಗಿ ತೆರೆಯಲಾಯಿತು. ಕತೆಯೊಳಗಿನ ಊರಿನ ಹೆಸರು ನಿಜವಾದ ನಿಲ್ದಾಣಕ್ಕೆ ಅಂಟಿಕೊಂಡ ಅಪರೂಪದ ಪ್ರಸಂಗವಿದು.

ಬೀರೂರು–ಶಿವಮೊಗ್ಗ ಭಾಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಮೀಟರ್‌ಗೇಜಿನಲ್ಲೇ ಉಳಿದ ಶಿವಮೊಗ್ಗ–ತಾಳಗುಪ್ಪ ಭಾಗದಲ್ಲಿ ಕೊನೆಯ ವರ್ಷಗಳಲ್ಲಿ ಓಡಿದ್ದು ರೈಲ್‌ಬಸ್: ನೋಡಲು ಬಸ್ಸು, ಕೆಳಗೆ ರೈಲಿನ ಗಾಲಿ. ಚಾಲಕನ ಸೀಟು ಒಂದೇ ತುದಿಯಲ್ಲಿ ಇದ್ದುದರಿಂದ ತಾಳಗುಪ್ಪದಲ್ಲಿ ಅದನ್ನು ತಿರುಗುಹಳಿಯ ಮೇಲೆ ನಿಲ್ಲಿಸಿ, ಕೈಯಿಂದಲೇ ನೂಕಿ ಮುಖ ತಿರುಗಿಸುತ್ತಿದ್ದರು. ಆಗ ಇಲ್ಲಿಂದ ದೂರದ ಊರಿಗೆ ಹೊರಟವರು ಶಿವಮೊಗ್ಗದಲ್ಲಿ ಗಂಟುಮೂಟೆ ಸಮೇತ ಗಾಡಿ ಬದಲಿಸಬೇಕಿತ್ತು. 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂದು ಆ ತಾಪತ್ರಯ ತಪ್ಪಿತು. ಬೆಂಗಳೂರು, ಮೈಸೂರಿನ ರೈಲುಗಳು ನೇರವಾಗಿ ಬರತೊಡಗಿದವು.

ತಾಳಗುಪ್ಪದಿಂದ ಘಟ್ಟ ಇಳಿಸಿ ಹೊನ್ನಾವರದಲ್ಲಿ ಕೊಂಕಣ ರೈಲ್ವೆಗೆ ಜೋಡಿಸುವ ಪ್ರಸ್ತಾಪ ಹಳೆಯದು, ಕಾಗದದಲ್ಲೇ ಉಳಿದಿದೆ. ಕರಾವಳಿಗೆ ಹೋಗುವವರು ತಾಳಗುಪ್ಪದಲ್ಲಿ ಇಳಿದು ಬಸ್ಸು ಹಿಡಿಯುತ್ತಾರೆ.