ಎಳೆಯುವುದು ಬೇರೆ, ಹೊರುವುದು ಬೇರೆ

ಮೊನ್ನೆ ಭಾನುವಾರ ಬೆಳಿಗ್ಗೆ ಟೆಕ್ಸಾಸ್‌ನಿಂದ ಅಕ್ಕನ ಫೋನ್. ಭಾವ ರಿಟೈರ್ ಆಗಿದ್ದಾರೆ, ಮಗಳ ಮದುವೆಯೂ ಆಯಿತು. ಇನ್ನು ಅಷ್ಟು ದೊಡ್ಡ ಮನೆ ಯಾಕೆ, ಮಾರಿಬಿಟ್ಟು ಒಂದು ಟ್ರೈಲರ್ ಮನೆ ತಗೊಂಡು ಊರೂರು ಸುತ್ತುತ್ತ ಅದರಲ್ಲೇ ಇದ್ದುಬಿಡೋಣ ಅಂತ ಇಬ್ಬರೂ ತೀರ್ಮಾನ ಮಾಡಿದ್ದಾರಂತೆ. ಟ್ರೈಲರ್ ನೋಡಿ ಆಗಿದೆ. ಅದನ್ನು ಎಳೆಯುವ ಪಿಕಪ್ ಟ್ರಕ್ ಯಾವುದು ಅನ್ನೋದಷ್ಟೇ ಬಾಕಿ.

"ತಮ್ಮಾ, ನೀ ಬ್ಯಾಂಕಿನ್ಯಾಂವ, ಲೆಕ್ಕದಾಗ ಶಾಣ್ಯಾ ಇದ್ದಿ. ನಿಮ್ಮ ಭಾವ ಕಾಗದಾ ಕಳಸ್ತಾರ, ನೋಡಿ ಒಂದು ಮಾತು ಹೇಳು" ಅಂದಳು.

ಪುಣೆಯಲ್ಲಿ ಕೂತ ನನಗೆ ಗೊತ್ತಿರೋ ಪಿಕಪ್ ಅಂದರೆ ಮಾರ್ಕೆಟ್ ಯಾರ್ಡಿಗೆ ಈರುಳ್ಳಿ ತರೋ ಗಾಡಿ. ಅಂಥವಕ್ಕೆ ಸಾಲ ಕೊಟ್ಟಿದ್ದೇನೆ, ಓಡಿಸಿದವನಲ್ಲ. ಆದರೆ ಮನೆ ಮಾರಿದ ದುಡ್ಡು ಅಂದಮೇಲೆ ಸುಮ್ಮನೆ ಹೂಂ ಅನ್ನೋಕಾಗುತ್ತದೆಯೇ? ಒಂದು ವಾರ ಕೂತು ಈ ಗಾಡಿಗಳ ಚರಿತ್ರೆ ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಚಕ್ರದ ಮೇಲೆ ಮನೆ ಕಟ್ಟುವ ಹುಚ್ಚು ಅಮೆರಿಕನ್ನರಿಗೆ ಕಾರಿನ ಜೊತೆಗೇ ಬಂದದ್ದು. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಅಂತ ಒಂದು ಸಂಘ ಹುಟ್ಟಿತು. ಡಬ್ಬಿ ಊಟ ತಿಂದುಕೊಂಡು ಕಾರಿನಲ್ಲಿ ಸುತ್ತುವವರ ಸಂಘ. ರೇಡಿಯೇಟರ್ ಮುಚ್ಚಳದ ಮೇಲೆ ಒಂದು ತಗಡಿನ ಡಬ್ಬಿ ಕೂಡಿಸಿಕೊಳ್ಳೋದೇ ಅವರ ಗುರುತು. ಪಿಕಪ್ ಟ್ರಕ್ ಅನ್ನು ಫೋರ್ಡ್ ಕಂಪನಿ ಕಾರ್ಖಾನೆಯಲ್ಲೇ ಪೂರ್ತಿ ಮಾಡಿ ಮಾರಲು ಶುರು ಮಾಡಿದ್ದು 1925ರಲ್ಲಿ. ಮಾಡೆಲ್ ಟಿ ಕಾರಿನ ಹಿಂದೆ ತೊಟ್ಟಿ, ಬೆಲೆ 281 ಡಾಲರ್. ಅದು ರೈತರ ಗಾಡಿ. ಟ್ರೈಲರ್ ಎಳೆಯೋಕೆ ಅಂತ ಯಾರೂ ಕೊಳ್ಳುತ್ತಿರಲಿಲ್ಲ.

ಟ್ರೈಲರ್‌ಗಳಿಗೆ ಸುಗ್ಗಿ ಬಂದದ್ದು 1930ರ ದಶಕದಲ್ಲಿ, ಅದೂ ಮಹಾ ಆರ್ಥಿಕ ಕುಸಿತದ ನಡುವೆ. ಡೆಟ್ರಾಯಿಟ್‌ನ ಆರ್ಥರ್ ಶೆರ್ಮನ್ ಅನ್ನೋ ಬ್ಯಾಕ್ಟೀರಿಯಾ ವಿಜ್ಞಾನಿ ತನ್ನ ಸಂಸಾರಕ್ಕೆ ಅಂತ ಕಟ್ಟಿದ್ದ 'ಕವರ್ಡ್ ವ್ಯಾಗನ್' ಟ್ರೈಲರನ್ನೇ ವ್ಯಾಪಾರ ಮಾಡಿಕೊಂಡ. 1936ರಲ್ಲಿ ವಾಲಿ ಬಯಮ್‌ನ ಏರ್‌ಸ್ಟ್ರೀಮ್ ಕಂಪನಿ ಅಲ್ಯುಮಿನಿಯಂ ತಗಡಿಗೆ ರಿವೆಟ್ ಹೊಡೆದು 'ಕ್ಲಿಪ್ಪರ್' ಅನ್ನೋ ಟ್ರೈಲರ್ ತಂದಿತು, ಬೆಲೆ 1,200 ಡಾಲರ್. ಆ ದಿನಗಳಲ್ಲೇ ರೋಜರ್ ಬ್ಯಾಬ್ಸನ್ ಒಂದು ಭವಿಷ್ಯ ನುಡಿದ: 20 ವರ್ಷದಲ್ಲಿ ಅರ್ಧ ಅಮೆರಿಕವೇ ಟ್ರೈಲರಿನಲ್ಲಿ ಬದುಕುತ್ತದೆ! 1929ರ ಷೇರುಪೇಟೆ ಕುಸಿತವನ್ನು ಮೊದಲೇ ಹೇಳಿದ್ದ ಮನುಷ್ಯ, ಜನ ನಂಬದೆ ಇರುತ್ತಾರೆಯೇ? ಆದರೆ 1937ರ ಹಿಂಜರಿತಕ್ಕೆ ಆ ಬಿರುಸು ಇಳಿಯಿತು. ಒಮ್ಮೆ ಸರಿಯಾಗಿ ಹೇಳಿದವನ ಎರಡನೇ ಮಾತನ್ನೂ ನಂಬಬಾರದು ಅನ್ನೋದು ಬ್ಯಾಂಕಿನವರಿಗೆ ಗೊತ್ತಿರುವ ವಿಷಯವೇ.

ಮುಂದೆ ಬಹಳ ವರ್ಷ ಟ್ರೈಲರ್ ಎಳೆದದ್ದು ಮಾಮೂಲಿ ಕಾರುಗಳೇ. ಆಗಿನ ಅಮೆರಿಕನ್ ಕಾರು ಅಂದರೆ ದಪ್ಪ ಚಾಸಿಸ್, ಎಂಟು ಸಿಲಿಂಡರ್ ಎಂಜಿನ್. ಅದನ್ನು ಬದಲಿಸಿದ್ದು 1973ರ ತೈಲ ಬಿಕ್ಕಟ್ಟು. 1975ರಲ್ಲಿ ಇಂಧನ ಮಿತವ್ಯಯದ ಕಾಯ್ದೆ ಬಂತು, ಕಾರುಗಳು ಬಡಕಲಾದವು. ಟ್ರಕ್‌ಗಳಿಗೆ ಮಾತ್ರ ನಿಯಮ ಸಡಿಲ, ತುಂಬಾ ಭಾರದವಕ್ಕೆ ನಿಯಮವೇ ಇಲ್ಲ. ಇದರ ಜೊತೆಗೆ 1964ರಿಂದ ವಿದೇಶಿ ಟ್ರಕ್‌ಗಳ ಮೇಲೆ ಶೇಕಡಾ 25 ಸುಂಕ ಇತ್ತು. ಯುರೋಪಿನವರು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹಾಕಿದರು ಅನ್ನೋ ಸಿಟ್ಟಿಗೆ ಹಾಕಿದ ಸುಂಕ ಅದು. ಹೆಸರೇ 'ಚಿಕನ್ ಟ್ಯಾಕ್ಸ್'. ಹೀಗೆ ಕಾನೂನಿನ ನೆರಳಲ್ಲಿ ಅಮೆರಿಕದ ಪಿಕಪ್ ಬೆಳೆಯಿತು, ಎಳೆಯುವ ಕೆಲಸವೂ ಅದರ ಹೆಗಲಿಗೇ ಬಿತ್ತು.

ಆಮೇಲೆ ಬಂದದ್ದು ಡೀಸೆಲ್. 1989ರಲ್ಲಿ ಡಾಜ್ ಕಂಪನಿ ತನ್ನ ಪಿಕಪ್‌ಗೆ ಕಮಿನ್ಸ್‌ನವರ 5.9 ಲೀಟರಿನ ಆರು ಸಿಲಿಂಡರ್ ಟರ್ಬೊ ಡೀಸೆಲ್ ಎಂಜಿನ್ ಕೂಡಿಸಿತು. ಶಕ್ತಿ ಬರೀ 160 ಅಶ್ವಶಕ್ತಿ, ಆದರೆ ಎಳೆತ ಮಾತ್ರ ಲಾರಿಯದ್ದು. ಈ ಹೆಸರು ಓದಿದಾಗ ನನಗೆ ಖುಷಿಯಾಯಿತು. ಕಮಿನ್ಸ್ ನಮ್ಮ ಪುಣೆಗೆ ಬಂದದ್ದು 1962ರಲ್ಲಿ, ಕಿರ್ಲೋಸ್ಕರ್ ಕಮಿನ್ಸ್ ಅಂತ. ಆ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅಂಗಡಿ ಶುರು ಮಾಡಿದ್ದು ಬೆಳಗಾವಿಯಲ್ಲಿ ಸೈಕಲ್ ಮಾರುತ್ತ. ಇನ್ನು ಡಾಜ್‌ಗೆ ಹಾಕಿದ ಆ ಬಿ ಸರಣಿಯ ಎಂಜಿನನ್ನೇ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ತಯಾರಿಸಿತು, ಟಾಟಾ ಲಾರಿಗಳಲ್ಲಿ ವರ್ಷಗಟ್ಟಲೆ ಓಡಿತು. ಪುಣೆ-ಬೆಂಗಳೂರು ರಸ್ತೆಯಲ್ಲಿ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ ಬಂದ ನಾವೆಲ್ಲ ಆ ಸದ್ದು ಕೇಳಿದವರೇ.

1994ರಲ್ಲಿ ಫೋರ್ಡ್‌ನ 'ಪವರ್ ಸ್ಟ್ರೋಕ್', 2001ರಲ್ಲಿ ಜನರಲ್ ಮೋಟರ್ಸ್‌ನ 'ಡ್ಯುರಾಮ್ಯಾಕ್ಸ್'. ಮೂವರಲ್ಲಿ ಜಿದ್ದು. ನಮ್ಮದು ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ, ನಮ್ಮದು ಇನ್ನೂ ಜಾಸ್ತಿ... ಅಳೆಯುವ ಗಜಕಡ್ಡಿ ಒಬ್ಬೊಬ್ಬರದು ಒಂದೊಂದು. ಕೊನೆಗೆ 2008ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಜೆ2807 ಅನ್ನೋ ಒಂದೇ ಪರೀಕ್ಷೆ ಬರೆಯಿತು. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ 11.4 ಮೈಲಿ ಏರುದಾರಿ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎ.ಸಿ. ಪೂರ್ತಿ ಹಾಕಿರಬೇಕು, ಭಾರ ಎಳೆಯುತ್ತ ವೇಗ ಗಂಟೆಗೆ 40 ಮೈಲಿಗಿಂತ ಇಳಿಯಬಾರದು. ಹಿಂದೆ ಜೋಡಿ ಚಕ್ರ ಇದ್ದರೆ 35. ಮೊದಲು ಒಪ್ಪಿದ್ದು ಟೊಯೋಟಾ, 2011ರ ಮಾಡೆಲ್‌ಗಳಿಗೆ. ಈಗ ಕಣ್ಣಿಗೆ ಬೀಳುವ ವಿಷಯ ಕೇಳಿ: ಈ ಪರೀಕ್ಷೆಯಲ್ಲಿ ಗಾಡಿಯೊಳಗೆ ತಲಾ 150 ಪೌಂಡಿನ ಇಬ್ಬರು ಮನುಷ್ಯರು, ಎಳೆಯುವ ಸಲಕರಣೆ, ಅಷ್ಟೇ. 150 ಪೌಂಡ್ ಅಂದರೆ 68 ಕಿಲೋ. ನಮ್ಮ ಭಾವ 68 ಕಿಲೋ ಇದ್ದದ್ದು ಮದುವೆ ಫೋಟೋದಲ್ಲಿ!

ಇಲ್ಲಿಗೆ ಭಾವ ಕಳಿಸಿದ ಕಾಗದಕ್ಕೆ ಬರೋಣ. ಅವರು ನೋಡಿದ ಟ್ರೈಲರ್ 'ಫಿಫ್ತ್ ವೀಲ್' ಜಾತಿಯದು. ಕುದುರೆಗಾಡಿಯ ಮುಂದಿನ ಅಚ್ಚು ತಿರುಗಲು ಮಲಗಿಸಿದ ಬಳೆ ಇರುತ್ತಿತ್ತಲ್ಲ, ಅದೇ ಐದನೇ ಚಕ್ರ. ಹೆಸರು ಅಲ್ಲಿಂದ ಬಂದದ್ದು. ವಿಮಾನ ಕಟ್ಟಿ ಹೆಸರಾದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಗೆ ಆ ಉಪಾಯವನ್ನು ಮನೆ-ಟ್ರೈಲರಿಗೆ ತಂದ. ಇದರಲ್ಲಿ ಟ್ರೈಲರಿನ ಮೂತಿ ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ಮೇಲೆ ಕೂರುತ್ತದೆ. ನಮ್ಮ ಚಕ್ಕಡಿ ನೆನೆಸಿಕೊಳ್ಳಿ. ಹೇರು ತೀರಾ ಹಿಂದೆ ಹಾಕಿದರೆ ನೊಗ ಮೇಲೇಳುತ್ತದೆ, ತೀರಾ ಮುಂದೆ ಹಾಕಿದರೆ ಎತ್ತಿನ ಹೆಗಲು ಮುರಿಯುತ್ತದೆ. ಇಲ್ಲೂ ಅಷ್ಟೇ. ಟ್ರೈಲರಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಟ್ರಕ್ಕಿನ ಹೆಗಲ ಮೇಲೆ ಬೀಳಲೇಬೇಕು, ಇಲ್ಲದಿದ್ದರೆ ಹಿಂದಿನ ಮನೆ ಓಲಾಡುತ್ತದೆ.

ಟ್ರೈಲರಿನ ಗರಿಷ್ಠ ತೂಕ 14,000 ಪೌಂಡ್. ಷೋರೂಮಿನವರು ತೋರಿಸಿದ ಮುಕ್ಕಾಲು ಟನ್ ಡೀಸೆಲ್ ಟ್ರಕ್ 18,000 ಪೌಂಡ್ ಎಳೆಯುತ್ತದಂತೆ. ಭಾವನ ಲೆಕ್ಕದಲ್ಲಿ 4,000 ಉಳಿತಾಯ!

ನಾನು ಅವರಿಗೆ ಡ್ರೈವರ್ ಬಾಗಿಲ ಹತ್ತಿರದ ಚೀಟಿಯ ಫೋಟೋ ಕಳಿಸಿ ಅಂದೆ. ಆ ಚೀಟಿಗೂ ಒಂದು ಚರಿತ್ರೆ ಇದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರು ವಾಪಸ್ ಕರೆಯಿತು. 200ಕ್ಕೂ ಹೆಚ್ಚು ಸಾವುಗಳು ಆ ಟೈರುಗಳ ಲೆಕ್ಕಕ್ಕೆ ಸೇರಿದ್ದವು. ಅದೇ ವರ್ಷ ಅಮೆರಿಕ ಸಂಸತ್ತು ಹೊಸ ಕಾಯ್ದೆ ಮಾಡಿತು. ಜನ ಮತ್ತು ಸಾಮಾನು ಸೇರಿ ಇಷ್ಟೇ ತೂಕ ಹೇರಬಹುದು ಅಂತ ಆಯಾ ಗಾಡಿಯ ಮೇಲೇ ಬರೆಯುವ ಈಗಿನ ಚೀಟಿ ಅದರ ಫಲ.

ಫೋಟೋ ಬಂತು: 2,300 ಪೌಂಡ್.

ಕೂಡಿಸಿ ನೋಡಿ. ಟ್ರೈಲರಿನ ಮೂತಿ 2,800. ಕೊಂಡಿ 150. ಅಕ್ಕ-ಭಾವ 330. ಹತಾರ, ಸಾಮಾನು 220. ಒಟ್ಟು 3,500. ಅಂದರೆ 1,200 ಪೌಂಡ್ ಹೆಚ್ಚು, ಐದು ಕ್ವಿಂಟಲ್‌ಗೂ ಮೇಲೆ! ಎಳೆಯುವ ಲೆಕ್ಕದಲ್ಲಿ ಲಾಭ, ಹೊರುವ ಲೆಕ್ಕದಲ್ಲಿ ದಿವಾಳಿ.

ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಕೊಟ್ಟವರಿಗೆ ಇದು ಹೊಸದಲ್ಲ. ಪಾರ್ಟಿಗೆ 50 ಲಕ್ಷ ಲಿಮಿಟ್ ಸ್ಯಾಂಕ್ಷನ್ ಆಗಿರುತ್ತದೆ. ಆದರೆ ಗೋದಾಮಿನಲ್ಲಿ ಸ್ಟಾಕ್ ಇರೋದು 30 ಲಕ್ಷದ್ದು. ಶೇಕಡಾ 25 ಮಾರ್ಜಿನ್ ಕಳೆದರೆ ಡ್ರಾಯಿಂಗ್ ಪವರ್ ಇಪ್ಪತ್ತೆರಡೂವರೆ ಲಕ್ಷ, ಅಷ್ಟೇ. ಪಾರ್ಟಿ ಮಾತ್ರ ಊರೆಲ್ಲ 50 ಲಕ್ಷ ಅಂತಲೇ ಹೇಳಿಕೊಂಡು ತಿರುಗುತ್ತಾನೆ. ಜಾಹೀರಾತಿನ 18,000 ಸ್ಯಾಂಕ್ಷನ್ ಲಿಮಿಟ್. ಬಾಗಿಲ ಚೀಟಿಯ 2,300 ಡ್ರಾಯಿಂಗ್ ಪವರ್. ಗಾಡಿ ನಡೆಯೋದು ಎರಡನೆಯದರ ಮೇಲೆ.

ರಜಕ್ಕೆ ಮಾತ್ರ ಹೋಗುವವರಾದರೆ ಟ್ರೈಲರ್ ಅರ್ಧ ಖಾಲಿ ಇರುತ್ತದೆ, ಹೇಗೋ ನಡೆಯುತ್ತದೆ. ಅದೇ ಮನೆ ಅಂದವರಿಗೆ ಹಾಗಲ್ಲ. ಪಾತ್ರೆ, ಪುಸ್ತಕ, ಚಳಿಗಾಲದ ಹೊದಿಕೆ, ಔಷಧ, ದೇವರು, ಎಲ್ಲ ಒಳಗೇ. ಬಿಟ್ಟುಬರೋಕೆ ಬೇರೆ ಮನೆ ಎಲ್ಲಿದೆ?

ಇದರಲ್ಲಿ ಒಂದು ತಮಾಷೆಯೂ ಇದೆ. ಮುಕ್ಕಾಲು ಟನ್ ಟ್ರಕ್ಕಿನ ಒಟ್ಟು ತೂಕವನ್ನು ಕಂಪನಿಗಳು ಸಾಮಾನ್ಯವಾಗಿ ಕಾನೂನಿನ ವರ್ಗ ದಾಟದಂತೆ 10,000 ಪೌಂಡಿಗೆ ನಿಲ್ಲಿಸುತ್ತಿದ್ದವು. ಡೀಸೆಲ್ ಎಂಜಿನ್ ಭಾರ. ಅದರ ಭಾರವೂ ಆ ಹತ್ತು ಸಾವಿರದಲ್ಲೇ ಬರಬೇಕು. ಹಾಗಾಗಿ ಬಲಶಾಲಿ ಎಂಜಿನ್ ಹಾಕಿದಷ್ಟೂ ಹೊರುವ ಪಾಲು ಕಮ್ಮಿ. ಭಾವ ನೋಡಿದ ಟ್ರಕ್ಕಿನ ಪೆಟ್ರೋಲ್ ಮಾಡೆಲ್ಲಿನ ಚೀಟಿಯಲ್ಲಿ 3,300 ಪೌಂಡ್ ಇತ್ತು.

ಎರಡು ದಾರಿ ಇವೆ ಅಂದೆ. ಒಂದು, ಹಿಂದೆ ಜೋಡಿ ಚಕ್ರದ ಒಂದು ಟನ್ ಟ್ರಕ್. ಅದು ಈ ಭಾರ ಆರಾಮಾಗಿ ಹೊರುತ್ತದೆ, ಆದರೆ ದುಡ್ಡೂ ಜಾಸ್ತಿ, ಊರೊಳಗೆ ನಿಲ್ಲಿಸೋದೂ ಕಷ್ಟ. ಎರಡು, ಮನೆಯನ್ನೇ ಚಿಕ್ಕದು ಮಾಡೋದು. 10,000 ಪೌಂಡಿನ ಟ್ರೈಲರ್ ಆದರೆ ಮೂತಿ 2,000, ಉಳಿದದ್ದು 700. ಪೆಟ್ರೋಲ್ ಟ್ರಕ್ಕಿನಲ್ಲಿ ಇನ್ನೂ 600 ಪೌಂಡ್ ಮಾರ್ಜಿನ್. ಮನೆ ಮಾರಿದ ದುಡ್ಡಿನಲ್ಲೂ ಒಂದಿಷ್ಟು ಡೆಪಾಸಿಟ್ ಆಗಿ ಉಳಿಯುತ್ತದೆ. ಟ್ರಕ್ಕೂ ಟ್ರೈಲರೂ ಸವಕಳಿಯ ಆಸ್ತಿ, ಮನೆಯ ಹಾಗೆ ಬೆಲೆ ಏರುವಂಥದಲ್ಲ ಅಂತಲೂ ಹೇಳಿದೆ.

ಭಾವನಿಗೆ ಡೀಸೆಲ್ ಬಿಡೋಕೆ ಮನಸ್ಸಿರಲಿಲ್ಲ. ಎರಡು ದಿನ ಫೋನ್ ಇಲ್ಲ. ಮೂರನೇ ದಿನ ಅಕ್ಕನೇ ಮಾಡಿದಳು.

"ಸಣ್ಣದs ತಗೋತೀವಿ. ಅವ್ವನ ಒರಳುಕಲ್ಲು ಮಗಳ ಮನಿಗೆ ಕೊಟ್ಟೆ. ಮೂವತ್ತು ಕಿಲೋ ಇತ್ತು ನೋಡು" ಅಂದಳು. ಊರಿಂದ ಹಡಗಿನಲ್ಲಿ ತರಿಸಿಕೊಂಡ ಕಲ್ಲು ಅದು.

"ರೊಟ್ಟಿ ಹಂಚು?" ಅಂದೆ.

"ಅದು ನನ್ನ ಜೋಡಿ ಬರತೈತಿ. ಲೆಕ್ಕದಾಗ ಹಿಡಿ."

ಹಿಡಿದಿದ್ದೇನೆ. ಎರಡು ಕಿಲೋ.