ಗುಡ್ಡದ ಭೂತ ಮತ್ತು ಹುಲಕೋಟಿಯ ಪತ್ತೇದಾರರು

2024ರ ಜುಲೈ ತಿಂಗಳಲ್ಲಿ ಸದಾನಂದ ಸುವರ್ಣರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ, ಪುಣೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಕರೆ ಮಾಡಿದ್ದ. "ಸರ್, ಗುಡ್ಡದ ಭೂತ ನೆನಪೈತ್ರೀ?" ಎಂಬುದೇ ಅವನ ಮೊದಲ ಮಾತು. ಕ್ಷೇಮಸಮಾಚಾರ ಆಮೇಲೆ. ಐವತ್ತರ ಸಮೀಪದ ಮನುಷ್ಯ, ಧ್ವನಿಯಲ್ಲಿ ಮಾತ್ರ ಎಂಟನೆಯ ತರಗತಿಯ ಹುಡುಗ. ಅಂದಿನ ದಿನಗಳ ಬಗ್ಗೆ ಬರೆಯುವುದಾಗಿ ಅವನಿಗೆ ಮಾತು ಕೊಟ್ಟಿದ್ದೆ. ಆ ಸಾಲವನ್ನು ಈಗ ತೀರಿಸುತ್ತಿದ್ದೇನೆ.

ಕಿರಿಯರಿಗಾಗಿ ಒಂದೆರಡು ಸಂಗತಿಗಳನ್ನು ಹೇಳಬೇಕು. ಸುವರ್ಣರು ಮೂಲತಃ ಮೂಲ್ಕಿಯವರು; ಮುಂಬಯಿಯ ಕನ್ನಡ ಹಾಗೂ ತುಳು ರಂಗಭೂಮಿಯಲ್ಲಿ ಬಹುಕಾಲ ದುಡಿದವರು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರದ ನಿರ್ಮಾಪಕರು ಇವರೇ. 1990ರ ಸುಮಾರಿಗೆ ಅವರು ದೂರದರ್ಶನಕ್ಕಾಗಿ ನಿರ್ದೇಶಿಸಿದ 'ಗುಡ್ಡದ ಭೂತ'ವು ತುಳುನಾಡಿನ ಹಳ್ಳಿಯ ಪರಿಸರದಲ್ಲಿ ನಡೆಯುವ ರಹಸ್ಯ ಕಥಾನಕ. ಮುಂದೆ ಬಹುಭಾಷಾ ನಟರಾಗಿ ಹೆಸರಾದ ಪ್ರಕಾಶ ರೈ ಅವರು ಅದರಲ್ಲಿ ಅಭಿನಯಿಸಿದ್ದರು. ಕಂತುಗಳು ಹೆಚ್ಚೇನೂ ಇರಲಿಲ್ಲ. ಅದರ ಶೀರ್ಷಿಕೆ ಗೀತೆ ಆರಂಭವಾಯಿತೆಂದರೆ ಓಣಿಯಲ್ಲಿ ಆಡುತ್ತಿದ್ದ ಮಕ್ಕಳು ಆಟವನ್ನು ಅಲ್ಲಿಯೇ ಬಿಟ್ಟು, ದೂರದರ್ಶನವಿದ್ದ ಮನೆಗಳ ಪಡಸಾಲೆಗೆ ಓಡುತ್ತಿದ್ದರು.

ನಮ್ಮ ಭಾಗಕ್ಕೆ ದೂರದರ್ಶನ ತಡವಾಗಿಯೇ ಬಂತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತೋರಿಸುವ ಪ್ರಯೋಗ ನಡೆದಾಗ, ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು. ನಾವು ಆಗ ಧಾರವಾಡ ಜಿಲ್ಲೆಯವರು. ಮುಂಡರಗಿ ದಾಟಿದರೆ ರಾಯಚೂರು ಜಿಲ್ಲೆ. ಆ ಗಡಿಯ ಆಚೆಯವರಿಗೆ ಸಿಕ್ಕ ಭಾಗ್ಯ ಈಚೆಯವರಿಗೆ ಸಿಗಲಿಲ್ಲ. ಹುಲಕೋಟಿಯ ಮಾಳಿಗೆಗಳ ಮೇಲೆ ಅಂಟೆನಾಗಳು ಎದ್ದದ್ದು ಎಂಬತ್ತರ ದಶಕದಲ್ಲಿ. 1987ರ ಜನವರಿಯಲ್ಲಿ 'ರಾಮಾಯಣ' ಆರಂಭವಾದ ಮೇಲೆ ಅವುಗಳ ಸಂಖ್ಯೆ ಬೆಳೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 'ರಾಮಾಯಣ'ವನ್ನಾಗಲಿ, 1988ರಲ್ಲಿ ಶುರುವಾಗಿ 1990ರವರೆಗೆ ನಡೆದ 'ಮಹಾಭಾರತ'ವನ್ನಾಗಲಿ ನೋಡಿದ ಮೇಲೆ ಕಟ್ಟೆಯ ಮೇಲೆ ಚರ್ಚೆ ನಡೆಯುತ್ತಿತ್ತು ನಿಜ. ಆದರೆ ಆ ಚರ್ಚೆಯ ಜಾತಿಯೇ ಬೇರೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ಬರೆದ ನೆಲ ಇದು. ಅದನ್ನು ಕಂಠಪಾಠ ಮಾಡಿದ ಹಿರಿಯರು ನಮ್ಮಲ್ಲಿದ್ದರು. ಅವರು ಪರದೆಯ ಮೇಲಿನ ಕಥೆಯನ್ನು ನೋಡಿ, "ನಮ್ಮ ನಾರಣಪ್ಪ ಹಿಂಗ ಹೇಳಿಲ್ಲ" ಎಂದು ತಿದ್ದುತ್ತಿದ್ದರು. ಮುಂದೇನಾಗುವುದೆಂದು ಯಾರೂ ಕೇಳುತ್ತಿರಲಿಲ್ಲ. ಕರ್ಣ ಸಾಯುತ್ತಾನೆಂದು ತೊಟ್ಟಿಲ ಕೂಸಿಗೂ ಗೊತ್ತು. ಚರ್ಚೆಯ ಅಧಿಕಾರ ಹೆಚ್ಚು ತಿಳಿದವರ ಕೈಯಲ್ಲಿತ್ತು.

'ಗುಡ್ಡದ ಭೂತ' ಬಂದಾಗ ಈ ವ್ಯವಸ್ಥೆ ತಲೆಕೆಳಗಾಯಿತು. ಅಂತ್ಯ ಯಾರಿಗೂ ಗೊತ್ತಿಲ್ಲ. ಎಂಬತ್ತರ ಅಜ್ಜನೂ ಹನ್ನೆರಡರ ಮೊಮ್ಮಗಳೂ ಒಂದೇ ಪೀಠದ ಮೇಲೆ ಕುಳಿತ ನ್ಯಾಯಾಧೀಶರು. ಪತ್ತೇದಾರಿ ಕಥೆ ನಮ್ಮವರಿಗೆ ಹೊಸದೇನೂ ಅಲ್ಲ. ನಾಲ್ಕನೆಯ ಇಯತ್ತೆಯವರೆಗಷ್ಟೇ ಓದಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ನಾವೆಲ್ಲ ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವರೇ. (ವಿದ್ಯಾರ್ಥಿಗಳಿಂದ ಅವನ್ನು ಕಸಿದುಕೊಂಡು ನಾನೇ ಓದಿದ್ದೂ ಉಂಟು, ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.) ಆದರೆ ಕಾದಂಬರಿಯನ್ನು ಒಬ್ಬನೇ ಓದುತ್ತಾನೆ, ತಾಳ್ಮೆ ಕೆಟ್ಟರೆ ಕೊನೆಯ ಪುಟ ತಿರುವುತ್ತಾನೆ. ದೂರದರ್ಶನದಲ್ಲಿ ಕೊನೆಯ ಪುಟ ಯಾರ ಕೈಗೂ ಸಿಗುತ್ತಿರಲಿಲ್ಲ. ಇಡೀ ಊರು ಒಂದೇ ಪುಟದಲ್ಲಿ ನಿಂತು ಒಂದು ವಾರ ಕಾಯಬೇಕಿತ್ತು.

ಆ ವಾರವೇ ನಿಜವಾದ ಧಾರಾವಾಹಿ. ಹುಲಕೋಟಿಯ ಸಹಕಾರಿ ನೂಲಿನ ಗಿರಣಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವರು ಕಂತು ತಪ್ಪಿಸಿಕೊಂಡರೆ ಮರುದಿನ ಯಾರನ್ನಾದರೂ ಕೇಳಬೇಕು. ಹೇಳುವವನು ಕಥೆಯನ್ನಷ್ಟೇ ಹೇಳುವನೇ? ಮುಖ್ಯಸ್ಥನ ಮೇಲೆ ಸಂಶಯವಿದ್ದವನು ಮುಖ್ಯಸ್ಥನ ನಗೆಯನ್ನು ಇಮ್ಮಡಿಯಾಗಿ ವರ್ಣಿಸುತ್ತಿದ್ದ. ಭೂತ ನಿಜವೆಂದು ನಂಬಿದವನು ಗಾಳಿ ಬೀಸಿದ್ದನ್ನೇ ಹತ್ತು ನಿಮಿಷ ಹೇಳುತ್ತಿದ್ದ. ಸಂಜೆಯ ಹೊತ್ತಿಗೆ ಊರಿನಲ್ಲಿ ಒಂದೇ ಕಂತಿನ ನಾಲ್ಕಾರು ಪಾಠಾಂತರಗಳು ಹುಟ್ಟಿರುತ್ತಿದ್ದವು. ಅದರ ಮೇಲೆ, ಅಂದಿನ ಹೊತ್ತಿಗೆ ಕರೆಂಟು ಹೋದರಂತೂ ಮುಗಿಯಿತು. ಕುರ್ತಕೋಟಿಯಲ್ಲಿ ಕರೆಂಟು ಇತ್ತಂತೆ ಎಂದು ತಿಳಿದು ಹುಡುಗರು ಸೈಕಲ್ ಹತ್ತಿ ಅಲ್ಲಿಗೆ ಕಥೆ ಕೇಳಲು ಹೋದದ್ದನ್ನು ನಾನು ಕಂಡಿದ್ದೇನೆ.

ನಾನು ಇತಿಹಾಸ ಬೋಧಿಸುತ್ತಿದ್ದವನು. ಪ್ರತ್ಯಕ್ಷ ಆಧಾರ, ಪರೋಕ್ಷ ಆಧಾರ ಎಂಬ ಪಾಠವನ್ನು ಎಷ್ಟು ವರ್ಷ ಹೇಳಿದರೂ ಮಕ್ಕಳ ತಲೆಗೆ ಹತ್ತುತ್ತಿರಲಿಲ್ಲ. ಆ ವರ್ಷ ಹಲಗೆಯ ಮೇಲೆ ಎರಡು ಗೆರೆ ಎಳೆದೆ: "ಕಂಡದ್ದು" ಒಂದು ಕಡೆ, "ಅಂದದ್ದು" ಇನ್ನೊಂದು ಕಡೆ. ಹಿಂದಿನ ಕಂತಿನ ಸಂಗತಿಗಳನ್ನು ಮಕ್ಕಳೇ ಹೇಳಬೇಕು, ಯಾವುದು ಯಾವ ಕಡೆ ಸೇರಬೇಕೆಂದು ಮಕ್ಕಳೇ ತೀರ್ಮಾನಿಸಬೇಕು. ಭೂತವೆಂಬ ಸಂಗತಿ ವಾರದಿಂದ ವಾರಕ್ಕೆ "ಅಂದದ್ದು" ಎಂಬ ಕಡೆಯೇ ಉಳಿಯುತ್ತಿತ್ತು. ಮುಖ್ಯಾಧ್ಯಾಪಕರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದರು.

ನಮ್ಮ ಊಹೆಗಳು ಹಳಿ ತಪ್ಪಿದ್ದು ಒಂದು ಶಬ್ದದ ದೆಸೆಯಿಂದ. 'ಭೂತ' ಎಂದೊಡನೆ ನಮ್ಮವರು ತಿಳಿದದ್ದು ದೆವ್ವವನ್ನು: ಹುಣಸೆಮರದಲ್ಲಿ ಇರುವುದು, ಅಮಾವಾಸ್ಯೆಗೆ ಬಡಿಯುವುದು, ನಿಂಬೆಹಣ್ಣಿಗೆ ಅಂಜುವುದು. ಗುಡ್ಡವೆಂದರೆ ಹುಡುಗರ ಕಣ್ಣಿಗೆ ಕಪ್ಪತಗುಡ್ಡವೇ. ಕರಾವಳಿಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ನಮ್ಮ ಕಟ್ಟೆಯ ವಾದವನ್ನು ಕೇಳಿ ನಕ್ಕುಬಿಟ್ಟರು. ಅವರ ಕಡೆಗೆ ಭೂತವೆಂದರೆ ದೈವ. ಪಂಜುರ್ಲಿ, ಜುಮಾದಿ, ಗುಳಿಗ ಎಂದು ಹೆಸರುಂಟು, ಗುಡಿಯುಂಟು, ವರ್ಷಕ್ಕೊಮ್ಮೆ ಕೋಲ ಉಂಟು. ದೈವ ಪಾತ್ರಿಯ ಮೈಮೇಲೆ ಬಂದು ಊರಿನ ವ್ಯಾಜ್ಯಗಳಿಗೆ ತೀರ್ಪು ಕೊಡುತ್ತದೆ, ಜಮೀನುದಾರನೂ ಕೈಮುಗಿದು ನಿಲ್ಲುತ್ತಾನೆ ಎಂದು ಅವರು ವಿವರಿಸಿದರು. "ನೀವು ಹೆದರಿಸುವ ಭೂತವನ್ನು ಹುಡುಕುತ್ತಿದ್ದೀರಿ ಮಾಸ್ತರೇ, ನಮ್ಮಲ್ಲಿ ಭೂತ ಕಾಯುತ್ತದೆ" ಎಂದರು. ಅಂದರೆ, ಕಾಯಬೇಕಾದದ್ದರ ಹೆಸರಿನಲ್ಲಿ ಊರು ಹೆದರುವಂತಾದರೆ ಏನರ್ಥ ಎಂಬ ಪ್ರಶ್ನೆಯನ್ನೇ ನಾವು ಕೇಳಿರಲಿಲ್ಲ. ಅಂದಿನಿಂದ ನಮ್ಮ ಕಟ್ಟೆಯ ತನಿಖೆ ಬೇರೆ ದಾರಿ ಹಿಡಿಯಿತು. ಒಂದೇ ನುಡಿಯಾಡುವ ಎರಡು ಸೀಮೆಗಳ ನಡುವೆ ಒಂದು ಶಬ್ದ ಇಷ್ಟು ದೂರ ಹೋಗಿರುತ್ತದೆಂದು ನನಗೂ ಅಂದೇ ತಿಳಿದದ್ದು.

ಇಂಥ ಹುಚ್ಚು ನಮ್ಮೊಬ್ಬರದೇ ಅಲ್ಲ. ಚಾರ್ಲ್ಸ್ ಡಿಕನ್ಸ್ 1870ರಲ್ಲಿ ತೀರಿಕೊಂಡಾಗ ಎಡ್ವಿನ್ ಡ್ರೂಡ್ ಎಂಬ ತರುಣನ ಕಣ್ಮರೆಯ ಕಾದಂಬರಿ ಅರ್ಧಕ್ಕೆ ನಿಂತಿತು. ಅವನನ್ನು ಕೊಂದವರು ಯಾರೆಂಬ ವಾದ ಎಷ್ಟು ಬೆಳೆಯಿತೆಂದರೆ, 1914ರಲ್ಲಿ ಲಂಡನ್ನಿನಲ್ಲಿ ಅಣಕು ನ್ಯಾಯಾಲಯವನ್ನೇ ಕೂಡಿಸಿದರು. ಚೆಸ್ಟರ್‌ಟನ್ ನ್ಯಾಯಾಧೀಶ, ಬರ್ನಾರ್ಡ್ ಶಾ ಪಂಚರ ಮುಖಂಡ. 1980ರಲ್ಲಿ ಅಮೆರಿಕದ 'ಡಲ್ಲಾಸ್' ಧಾರಾವಾಹಿಯ ಪಾತ್ರಕ್ಕೆ ಗುಂಡು ಹೊಡೆದವರಾರೆಂದು ತಿಳಿಯಲು ಜನ ಮಾರ್ಚಿನಿಂದ ನವೆಂಬರ್‌ವರೆಗೆ ಕಾದರು. ನಮ್ಮ ಕಟ್ಟೆಯವರು ಒಂದು ವಾರಕ್ಕೇ ಸುಸ್ತಾಗುತ್ತಿದ್ದರು.

1993ರಲ್ಲಿ ಬಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ಬಂದಾಗ ಭಾಷೆಯ ಇನ್ನೊಂದು ಪರೀಕ್ಷೆ. ಹಿಂದಿ ಬಾರದ ನಮ್ಮ ಸೋದರತ್ತೆಯವರು ಒಂದು ಮಾತೂ ಅರ್ಥವಾಗದೆ, ಮುಖಗಳನ್ನಷ್ಟೇ ನೋಡಿ, ನಡುವಿನಲ್ಲಿಯೇ "ಇವನs ಕಳ್ಳ" ಎಂದು ಬೆರಳು ತೋರಿಸುತ್ತಿದ್ದರು. ಹಿಂದಿ ಬಲ್ಲ ನಮಗಿಂತ ಅವರದೇ ಹೆಚ್ಚು ಸಲ ಸರಿಯಾಗುತ್ತಿತ್ತು. ಕಾರಣ ಕೇಳಿದರೆ, "ತಪ್ಪು ಮಾಡಿದಾವ ಬಾಳ ಸಮಾಧಾನ ಮಾಡ್ತಾನ" ಎನ್ನುತ್ತಿದ್ದರು. ಮುಂದೆ 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾಗಿ ದಿನವಹಿ ಧಾರಾವಾಹಿಗಳು ಬಂದವು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಿಗೆ ಕಾದು ಕುಳಿತವರಲ್ಲಿ ನಾನೂ ಒಬ್ಬ. ಆದರೆ ಇಂದು ಎದ್ದ ಪ್ರಶ್ನೆಗೆ ನಾಳೆಯೇ ಉತ್ತರ ಬಂದರೆ ಕಟ್ಟೆಗೆ ಹೋಗಿ ಕೂಡುವ ಅಗತ್ಯವೇನು?

2015ರಲ್ಲಿ ಅನೂಪ್ ಭಂಡಾರಿಯವರ 'ರಂಗಿತರಂಗ' ಚಿತ್ರದಲ್ಲಿ 'ಗುಡ್ಡದ ಭೂತ'ದ ಆ ಶೀರ್ಷಿಕೆ ಗೀತೆ ಮತ್ತೆ ಕೇಳಿಬಂದಾಗ ಅನೇಕ ವಿದ್ಯಾರ್ಥಿಗಳು ನನ್ನನ್ನು ನೆನೆದರಂತೆ. ನೋಡದವರಿಗಾಗಿ ಧಾರಾವಾಹಿಯ ಅಂತ್ಯವನ್ನು ನಾನಿಲ್ಲಿ ಹೇಳುವುದಿಲ್ಲ.

ಪುಣೆಯ ವಿದ್ಯಾರ್ಥಿ ಕರೆ ಮುಗಿಸುವ ಮುನ್ನ ಇನ್ನೊಂದು ಮಾತು ಕೇಳಿದ: "ಆವತ್ತು ಹಿಂದಿನ ಬೆಂಚಿನ್ಯಾಗ ಅವ ಎದ್ದು ನಿಂತು ಕೇಳಿದ್ನಲ್ರೀ ಸರ್, ಅವಗ ನೀವು ಏನ್ ಹೇಳಿದ್ರಿ?"

ಆ ಹುಡುಗನನ್ನು ನಾನು ಮರೆತಿಲ್ಲ. ಹಲಗೆಯ ಮೇಲೆ ಭೂತವನ್ನು "ಅಂದದ್ದು" ಎಂಬ ಕಡೆ ಬರೆದಿದ್ದೆ. ಎಂದೂ ಬಾಯಿಬಿಡದವನು ಅಂದು ಎದ್ದು ನಿಂತ. "ಸರ್, ಇದೆಲ್ಲಾ ಮನಷ್ಯಾರ ಮಾಡೂದು ಅಂದ್ರ, ನಮ್ಮವ್ವನ ಮೈಯಾಗ ಬರೂದು ಯಾರು?" ತರಗತಿ ನಕ್ಕಿತು. ನಾನು ಗದರಿಸಿದೆ, ಆದರೆ ಉತ್ತರ ಕೊಡಲಿಲ್ಲ. "ನೀನೂ ಕಂಡದ್ದನ್ನ ಬರಕೋ, ಆಮೇಲೆ ನೋಡೋಣ" ಎಂದು ಜಾರಿಕೊಂಡೆ.

ಅವನು ಅದನ್ನು ಆಜ್ಞೆಯೆಂದೇ ತಿಳಿದ. ಎರಡು ತಿಂಗಳ ಮೇಲೆ, ಧಾರಾವಾಹಿ ಮುಗಿದು ಎಲ್ಲರೂ ಮರೆತಿದ್ದಾಗ, ಒಂದು ವಹಿಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಎರಡು ಗೆರೆ ಎಳೆದಿದ್ದ. ತಾಯಿಗೆ ದೆವ್ವ ಬಡಿದ ದಿನಗಳನ್ನೆಲ್ಲ ತಾರೀಖು ಹಾಕಿ ಬರೆದಿದ್ದ. "ಅಂದದ್ದು" ಎಂಬ ಕಡೆ ಎಲ್ಲದಕ್ಕೂ ಅಮಾವಾಸ್ಯೆ ಎಂದಿತ್ತು. "ಕಂಡದ್ದು" ಎಂಬ ಕಡೆ, ಅಮಾವಾಸ್ಯೆ ಇದ್ದದ್ದು ಒಂದೇ ದಿನ. ಉಳಿದ ಐದೂ ದಿನ ತಂದೆ ಪಗಾರ ತೆಗೆದುಕೊಂಡೋ ಸಂತೆ ಮುಗಿಸಿಯೋ ಕುಡಿದು ಮನೆಗೆ ಬಂದ ರಾತ್ರಿಗಳು. ಅಕ್ಷರ ದುಂಡಗಿತ್ತು, ಒಂದು ಕಾಗುಣಿತವೂ ತಪ್ಪಿರಲಿಲ್ಲ.

ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಕೊನೆಗೆ ಕೆಳಗೆ ರುಜು ಹಾಕಿ ಕೊಟ್ಟೆ, ಮನೆಪಾಠದ ವಹಿಗೆ ಹಾಕುವಂತೆ. ಅವರ ಮನೆಗೆ ಹೋಗಲಿಲ್ಲ. ಮುಂದಿನ ಜೂನಿನಲ್ಲಿ ಅವನು ಶಾಲೆಗೆ ಬರಲಿಲ್ಲ. ತಾಯಿ ಅವನನ್ನು ಕರೆದುಕೊಂಡು ತವರಿಗೆ ಹೋದಳೆಂದು ಹುಡುಗರು ಹೇಳಿದರು. ಇದನ್ನೇ ಪುಣೆಯವನಿಗೂ ಹೇಳಿದೆ.