ತಾಲೀಮಿನ ಚಿತ್ರ, ಹಿಮ್ಮೇಳದ ಚರಿತ್ರೆ

ವಾದ್ಯಗಾರರ ಚಿತ್ರಗಳು ಸಾಮಾನ್ಯವಾಗಿ ಪ್ರದರ್ಶನದ ಚಿತ್ರಗಳೇ ಆಗಿರುತ್ತವೆ. ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಉಬ್ಬುಶಿಲ್ಪಗಳಲ್ಲಿ ಕಾಣುವ ವಾದ್ಯಗಾರರೂ ಮೆರವಣಿಗೆಯ ನಡುವೆಯೇ ಇದ್ದಾರೆ. ಆದರೆ ಅಭ್ಯಾಸಕ್ಕೆ ಒದಗುವ ಚಿತ್ರಗಳೂ ಇದೇ ನೆಲದಲ್ಲಿದ್ದವು ಎಂಬುದಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರಹ ಸಾಕ್ಷಿಯಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡ ಆತ ಅರಮನೆಯ ಸ್ತ್ರೀಯರಿಗೆ ನೃತ್ಯ ಕಲಿಸುತ್ತಿದ್ದ ಶಾಲೆಯೊಂದನ್ನು ವರ್ಣಿಸಿದ್ದಾನೆ. ಅಲ್ಲಿನ ಫಲಕಗಳಲ್ಲಿ ನೃತ್ಯದ ಕೊನೆಯ ಭಂಗಿಗಳನ್ನು ಕೆತ್ತಲಾಗಿತ್ತು. ಕಲಿಯುವವರು ಮರೆತಾಗ ಫಲಕ ನೋಡಿ ನೆನಪು ಮಾಡಿಕೊಳ್ಳುತ್ತಿದ್ದರು. ಇಲ್ಲಿ ಚಿತ್ರವು ಅಲಂಕಾರ ಮಾತ್ರವಲ್ಲ, ಕಲಿಕೆಯ ಸಾಧನವೂ ಹೌದು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಸ್ಮಾರಕಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ದಾಖಲಿಸಿದನು. ದೀರ್ಘಕಾಲ ಬೆಳಕಿಗೆ ಒಡ್ಡಬೇಕಾಗಿದ್ದ ಆ ವಿಧಾನಕ್ಕೆ ಕದಲದ ಕಲ್ಲು ಒಗ್ಗಿತು. ಮದ್ದಳೆಯ ಮೇಲೆ ಓಡುವ ಬೆರಳು ಒಗ್ಗುವಂತಿರಲಿಲ್ಲ. ತಂತ್ರ ಸುಧಾರಿಸಿದ ಮೇಲೂ ಕ್ಯಾಮೆರಾದ ಕಣ್ಣು ಬಹುಮಟ್ಟಿಗೆ ವೇಷ, ಕಿರೀಟಗಳ ಮೇಲೆಯೇ ನೆಟ್ಟಿತು.

ಹೊಸಪೇಟೆ, ಸಂಡೂರು, ಕಂಪ್ಲಿ ಪರಿಸರದ ಬಯಲಾಟದಲ್ಲಿ ವಿದ್ಯೆ ಕೈಯಿಂದ ಕೈಗೆ ದಾಟುವುದು ತಾಲೀಮಿನಲ್ಲಿ. ಬೇಸಾಯದ ಕೆಲಸ ಮುಗಿಸಿ ಗುಡಿಯ ಅಂಗಳದಲ್ಲಿ ಸೇರುವವರಿಗೆ ಮಾಸ್ತರರು ಪದವನ್ನು ನಿಲ್ಲಿಸಿ, ತಿದ್ದಿ, ಮತ್ತೆ ಹಾಡಿಸುತ್ತಾರೆ. ಹಾರ್ಮೋನಿಯಂ, ಮದ್ದಳೆ, ತಾಳಗಳವರು ಪರಸ್ಪರ ಮುಖ ನೋಡಿಕೊಂಡು ಲಯ ಹೊಂದಿಸಿಕೊಳ್ಳುವುದು ಆಗಲೇ. ಆಟದ ರಾತ್ರಿ ಈ ತಿದ್ದುಪಡಿಯ ಗುರುತೂ ಉಳಿಯುವುದಿಲ್ಲ.

ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು 2014ರಲ್ಲಿ ತೀರಿಕೊಂಡರು. ಅವರು ಹಾಡಿದ ಕಥನಗಳು ಗ್ರಂಥರೂಪ ಪಡೆದಿವೆ. ಆದರೆ ಬುರ್ರಕಥೆಯೆಂದರೆ ಪಠ್ಯವಷ್ಟೇ ಅಲ್ಲ. ತಂಬೂರಿ ಹಿಡಿದ ಮುಖ್ಯಗಾಯಕಿ, ಚರ್ಮವಾದ್ಯ ನುಡಿಸುತ್ತ ಸೊಲ್ಲಿಗೆ ಸೊಲ್ಲು ಸೇರಿಸುವ ಸಹಗಾಯಕಿಯರು, ಅವರ ನಡುವಿನ ಕಣ್ಸನ್ನೆ ಇವೆಲ್ಲ ಸೇರಿ ಆ ಕಲೆ. ಮುದ್ರಿತ ಪುಟ ಹಿಡಿಯಲಾರದ ಈ ಭಾಗವನ್ನು ಹಿಡಿಯಲು ಧ್ವನಿಮುದ್ರಣದೊಡನೆ ಛಾಯಾಚಿತ್ರವೂ ಬೇಕಾಗುತ್ತದೆ.

ಆದುದರಿಂದ ತಾಲೀಮಿನ ಛಾಯಾಗ್ರಹಣಕ್ಕೆ ತನ್ನದೇ ಶಿಸ್ತು ಅಗತ್ಯ. ಕಲಾವಿದರ ಒಪ್ಪಿಗೆ ಮೊದಲ ಮಾತು. ಫ್ಲ್ಯಾಶ್ ಬೆಳಕು ಲಯಕ್ಕೆ ಭಂಗ ತರುವುದರಿಂದ ಇರುವ ದೀಪದಲ್ಲಿಯೇ ಚಿತ್ರ ತೆಗೆಯುವುದು ಲೇಸು; ಅದಕ್ಕೆ ಬೆಳಕನ್ನು ಹೆಚ್ಚು ಗ್ರಹಿಸುವ ಲೆನ್ಸ್ ಬೇಕು. ಕ್ಯಾಮೆರಾಕ್ಕಾಗಿ ಹಾಡನ್ನು ನಿಲ್ಲಿಸಬಾರದು. ಒಂದೇ ಚಿತ್ರಕ್ಕಿಂತ ಕೈಚಲನೆಯನ್ನು ಅನುಕ್ರಮವಾಗಿ ತೋರಿಸುವ ಸರಣಿ ಹೆಚ್ಚು ಉಪಯುಕ್ತ. ವಾದ್ಯ, ನುಡಿಸುತ್ತಿದ್ದ ಪದ, ಊರು, ದಿನಾಂಕ ಹಾಗೂ ಒಪ್ಪಿದಲ್ಲಿ ಕಲಾವಿದರ ಹೆಸರು ಚಿತ್ರದೊಡನೆ ಇರಬೇಕು. ವೇಷಧಾರಿಯ ಹೆಸರು ಊರಿಗೆಲ್ಲ ತಿಳಿದಿದ್ದರೂ ಮದ್ದಳೆಯವನು ಹೆಸರಿಲ್ಲದೆ ಚರಿತ್ರೆಯಿಂದ ಜಾರಿಹೋಗುವುದು ಇಂಥ ವಿವರಗಳ ಕೊರತೆಯಿಂದಲೇ.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿಗಳು ಅದರಲ್ಲಿ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಹಾಡಿಗೆ ಈ ಗಡಿಯಿಲ್ಲ, ದಾಖಲೆಗೂ ಇರಬಾರದು. ಚಿತ್ರಗಳ ಒಂದು ಪ್ರತಿ ಸಂಗ್ರಹಾಲಯದಲ್ಲಿದ್ದರೆ ಇನ್ನೊಂದು ಮೇಳದವರ ಕೈ ಸೇರಬೇಕು. ಪಾಯೆಸ್ ಕಂಡ ಫಲಕಗಳಂತೆ, ಮರೆತವರು ನೋಡಿ ಮತ್ತೆ ನುಡಿಸುವಂತಾದಾಗಲೇ ಆ ದಾಖಲೆ ಸಾರ್ಥಕ.